ಶಕುಂತಲಾ ದೇವಿ ನಂಬರ್ ಹಾಕಿ ಟೆಸ್ಟ್ ಮಾಡಿದ ಫ್ಯಾಕ್ಟರ್ ಕ್ಯಾಲ್ಕುಲೇಟರ್: ನನ್ನ ರಿವ್ಯೂ

ಮೊದ್ಲೇ ಮಾರ್ಕ್ಸ್ ಹೇಳ್ಬಿಡ್ತೀನಿ, ಐದಕ್ಕೆ ನಾಲ್ಕೂವರೆ. ಅರ್ಧ ಯಾಕೆ ಕಟ್ ಮಾಡ್ದೆ ಅಂತ ಆಮೇಲೆ ಹೇಳ್ತೀನಿ.

ವಿಷ್ಯ ಏನಪ್ಪಾ ಅಂದ್ರೆ, ಅರ್ಜೆಂಟೀನಾದ ಡಾರಿಯೊ ಆಲ್ಪರ್ನ್ ಅನ್ನೋರು ತುಂಬಾ ವರ್ಷದಿಂದ ನಡೆಸ್ಕೊಂಡು ಬಂದಿರೋ ಒಂದು ವೆಬ್ ಕ್ಯಾಲ್ಕುಲೇಟರ್ ಇದೆ, ಆಲ್ಪರ್‌ಟ್ರಾನ್ ಅಂತ ಹುಡುಕಿದ್ರೆ ಸಿಗತ್ತೆ. ದೊಡ್ಡ ಪೂರ್ಣಸಂಖ್ಯೆ ಒಂದನ್ನ ಹಾಕಿ ಫ್ಯಾಕ್ಟರ್ ಬಟನ್ ಒತ್ತಿದ್ರೆ ಅದರ ಜಾತಕ ಪೂರ್ತಿ ಬಿಚ್ಚಿಡತ್ತೆ. ಅವಿಭಾಜ್ಯ ಅಪವರ್ತನಗಳು ಯಾವ್ಯಾವ್ದು, ಒಟ್ಟು ಭಾಜಕ ಎಷ್ಟು, ಆ ಭಾಜಕಗಳ ಮೊತ್ತ ಎಷ್ಟು, ಯೂಲರ್ ಫೈ (1ರಿಂದ ಆ ಸಂಖ್ಯೆ ತನಕ ಅದರ ಜೊತೆ 1 ಬಿಟ್ಟು ಬೇರೆ ಸಾಮಾನ್ಯ ಭಾಜಕ ಇಲ್ಲದ ಸಂಖ್ಯೆಗಳ ಲೆಕ್ಕ) ಎಷ್ಟು, ಮೋಬಿಯಸ್ (ಯಾವ್ದಾದ್ರೂ ಅವಿಭಾಜ್ಯ ಒಂದಕ್ಕಿಂತ ಹೆಚ್ಚು ಸಲ ಬಂದ್ರೆ 0, ಇಲ್ಲದಿದ್ರೆ ಅವಿಭಾಜ್ಯಗಳ ಲೆಕ್ಕ ಸಮ ಆದ್ರೆ 1, ಬೆಸ ಆದ್ರೆ −1) ಎಷ್ಟು, ಕೊನೇಲಿ ಆ ಸಂಖ್ಯೆನ ವರ್ಗಗಳ ಮೊತ್ತವಾಗಿ ಹೇಗೆ ಬರೀಬಹುದು, ಎಲ್ಲಾನೂ. ದುಡ್ಡಿಲ್ಲ, ಲಾಗಿನ್ ಇಲ್ಲ, ಓಟಿಪಿ ಕೇಳಲ್ಲ. ಹಿಂದೆ ಜಾವಾ ಆಪ್ಲೆಟ್ (ಬ್ರೌಸರ್ ಒಳಗೆ ಓಡೋ ಪುಟ್ಟ ಪ್ರೋಗ್ರಾಂ) ಆಗಿತ್ತು, ಬ್ರೌಸರ್‌ಗಳು ಆಪ್ಲೆಟ್ ಕೈಬಿಟ್ಟ ಮೇಲೆ ವೆಬ್‌ಅಸೆಂಬ್ಲಿಗೆ ಬಂತು. ಸೋರ್ಸ್ ಕೋಡೂ ಓಪನ್.

ಇಂಥದ್ದು ಯಾಕೆ ಬೇಕು, ಫೋನಲ್ಲೇ ಕ್ಯಾಲ್ಕುಲೇಟರ್ ಇದ್ಯಲ್ಲ ಅನ್ನೋರಿಗೆ ಒಂದು ಉದಾಹರಣೆ ಕೊಡ್ತೀನಿ. ನಮ್ಮ ಬೆಂಗಳೂರಿನ ಶಕುಂತಲಾ ದೇವಿ 1980ರ ಜೂನ್ 18ರಂದು ಲಂಡನ್ನಿನ ಇಂಪೀರಿಯಲ್ ಕಾಲೇಜಲ್ಲಿ ಎರಡು 13 ಅಂಕೆಯ ಸಂಖ್ಯೆ ಗುಣಿಸಿ 28 ಸೆಕೆಂಡಲ್ಲಿ ಉತ್ತರ ಹೇಳಿದ್ರಲ್ಲ, ಗಿನ್ನೆಸ್ ಪುಸ್ತಕಕ್ಕೂ ಹೋಯ್ತಲ್ಲ, ಆ ಸಂಖ್ಯೆಗಳು 7,686,369,774,870 ಮತ್ತು 2,465,099,745,779. ಅಲ್ಲಿನ ಕಂಪ್ಯೂಟರ್ ವಿಭಾಗದೋರೇ ಸುಮ್ನೆ ಯದ್ವಾತದ್ವಾ ಆರಿಸಿ ಕೊಟ್ಟಿದ್ದು. ಉತ್ತರ 18,947,668,177,995,426,462,773,730. ಇಪ್ಪತ್ತಾರು ಅಂಕೆ. ಇದನ್ನೇ ಎಕ್ಸೆಲ್‌ಗೆ ಹಾಕಿ ನೋಡಿ, ಅದು 15 ಅಂಕೆ ಮಾತ್ರ ಇಟ್ಕೊಂಡು ಉಳಿದ ಹನ್ನೊಂದಕ್ಕೆ ಸೊನ್ನೆ ಸುತ್ತತ್ತೆ. ಪಾಪ ಆಯಮ್ಮ ತಲೇಲೇ ಹಿಡ್ಕೊಂಡಿದ್ದ ಕೊನೇ ಹನ್ನೊಂದು ಅಂಕೆ ಲೆಕ್ಕಕ್ಕೇ ಇಲ್ಲ. ಬಿಲ್ ಕೂಡೋಕೆ ಅದು ಸಾಕು, ಆದ್ರೆ ಈ ಸಂಖ್ಯೆ 11ರಿಂದ ಭಾಗ ಆಗತ್ತಾ ಅಂತ ಕೇಳಿದ್ರೆ ಕೊನೇ ಅಂಕೆ ತನಕ ಪಕ್ಕಾ ಇರ್ಬೇಕು, ಒಂದೇ ಒಂದು ಅಂಕೆ ಆಚೀಚೆ ಆದ್ರೂ ಉತ್ತರ ಸುಳ್ಳು. ನಾನು ಮುಂಚೆ ಫೋನಲ್ಲಿ ಹಾಕ್ಕೊಂಡಿದ್ದ ಒಂದು ಆ್ಯಪ್ (ಹೆಸರು ಬೇಡ ಬಿಡಿ) ಇಷ್ಟುದ್ದ ಸಂಖ್ಯೆ ಕೊಟ್ರೆ ಒಳಗೊಳಗೇ ರೌಂಡ್ ಮಾಡ್ಕೊಂಡು, ಬೇರೆ ಯಾವ್ದೋ ಸಂಖ್ಯೆಗೆ ಅಪವರ್ತನ ಮಾಡಿ ಧೈರ್ಯವಾಗಿ ತೋರಿಸ್ತಿತ್ತು, ಎರರ್ ಕೂಡ ಹೇಳ್ತಿರ್ಲಿಲ್ಲ, ಅವತ್ತೇ ಡಿಲೀಟ್.

ಸರಿ, ಈ 26 ಅಂಕೆ ಸಂಖ್ಯೆನ ಆಲ್ಪರ್ನ್ ಕ್ಯಾಲ್ಕುಲೇಟರ್‌ಗೆ ಹಾಕಿದ್ರೆ ಉತ್ತರ ಬರೋಕೆ ಕಾಯೋ ಪ್ರಶ್ನೆನೇ ಇಲ್ಲ. ನನ್ನದೊಂದು ಕೆಟ್ಟ ಅಭ್ಯಾಸ, ಬಟನ್ ಒತ್ತೋಕೆ ಮುಂಚೆ ಪೆನ್ನಲ್ಲಿ ಎಷ್ಟು ಗೊತ್ತಾಗತ್ತೆ ಅಂತ ನೋಡೋದು. ಇದ್ರಲ್ಲಿ ಪೆನ್ನಿಗೆ ಸುಮಾರಾಗೇ ಸಿಗತ್ತೆ. ಕೊನೇಲಿ 30 ಇದೆ, ಸೋ 2, 5 ಗ್ಯಾರಂಟಿ, 4ರಿಂದಾಗ್ಲಿ 25ರಿಂದಾಗ್ಲಿ ಭಾಗ ಆಗಲ್ಲ ಅನ್ನೋದೂ ಗ್ಯಾರಂಟಿ. ಅಂಕೆಗಳನ್ನೆಲ್ಲ ಕೂಡಿದ್ರೆ 138, ಅದು 3ರಿಂದ ಹೋಗತ್ತೆ 9ರಿಂದ ಹೋಗಲ್ಲ. ಆಮೇಲೆ 7, 11, 13 ಮೂರನ್ನೂ ಒಂದೇ ಏಟಿಗೆ ನೋಡೋ ಉಪಾಯ ಇದೆ, 7 × 11 × 13 = 1001 ಅಲ್ವಾ, ಅದಕ್ಕೆ ಬಲಗಡೆಯಿಂದ ಮೂರು ಮೂರು ಅಂಕೆ ಗುಂಪು ಮಾಡಿ ಒಂದು ಕೂಡಿ ಒಂದು ಕಳೀತಾ ಹೋಗೋದು: 730 − 773 + 462 − 426 + 995 − 177 + 668 − 947 + 18. ಬರೋದು 550. 550 ಹನ್ನೊಂದರಿಂದ ಹೋಗತ್ತೆ, ಏಳರಿಂದ ಹೋಗಲ್ಲ, ಹದಿಮೂರರಿಂದಾನೂ ಹೋಗಲ್ಲ. ಹಾಗಾಗಿ ಇಡೀ ಸಂಖ್ಯೆನೂ ಅಷ್ಟೇ.

ಇದೇ ಲೆಕ್ಕ ಮೂಲ ಎರಡು ಸಂಖ್ಯೆಗೂ ಮಾಡಿ ನೋಡಿ, ಮೊದಲನೇದಕ್ಕೆ −214, ಎರಡನೇದಕ್ಕೆ −330 ಬರತ್ತೆ. 214 × 330 = 70620, ಅದನ್ನ 1001ರಿಂದ ಭಾಗಿಸಿದ್ರೆ ಶೇಷ ಎಷ್ಟು ಗೊತ್ತಾ, 550! ಅದೇ 550. ಶಕುಂತಲಾ ದೇವಿ ಉತ್ತರ ಸರಿ ಅಂತ ಇದೊಂದರಿಂದ ಪೂರ್ತಿ ಸಾಬೀತಾಗಲ್ಲ, ಆದ್ರೆ ಎಲ್ಲೋ ಒಂದು ಅಂಕೆ ತಪ್ಪಿದ್ರೆ ಇಲ್ಲೇ ಸಿಕ್ಕಿಬೀಳ್ತಿತ್ತು. ಪೂರ್ತಿ ಗುಣಾಕಾರನ ಕ್ಯಾಲ್ಕುಲೇಟರ್ ಬಾಕ್ಸಲ್ಲೇ ಮಾಡ್ಸಬಹುದು, ಎರಡು ಸಂಖ್ಯೆ ಮಧ್ಯೆ ಸ್ಟಾರ್ ಹಾಕಿದ್ರೆ ಸಾಕು, ಗುಣಿಸಿ ಆಮೇಲೆ ಅಪವರ್ತನಕ್ಕೆ ಹೋಗತ್ತೆ. ಈ ಫೀಚರ್ ನಂಗೆ ತುಂಬಾ ಇಷ್ಟ. ಪ್ಲಸ್, ಮೈನಸ್, ಘಾತ, ಫ್ಯಾಕ್ಟೋರಿಯಲ್, ಫಿಬೊನಾಚಿ ಎಲ್ಲಾ ಹಾಗೇ ಬರೀಬಹುದು, ಉದ್ದುದ್ದ ಅಂಕೆ ಟೈಪ್ ಮಾಡೋ ಗೋಳಿಲ್ಲ.

ಪೆನ್ನಿಗೆ ಸಿಕ್ಕಿದ್ದು 2, 3, 5, 11, ನಾಲ್ಕೂ ಒಂದೊಂದೇ ಸಲ. 13ರಿಂದ ಹಿಡಿದು 47ರ ತನಕ ಯಾವ ಅವಿಭಾಜ್ಯವೂ ಭಾಗಿಸಲ್ಲ, ಇಷ್ಟು ನಾನು ಕೂತು ನೋಡ್ದೆ, ಅಲ್ಲಿಂದ ಮುಂದೆ ಮನುಷ್ಯರ ಕೆಲಸ ಅಲ್ಲ. ಉಳಿದ ದೊಡ್ಡ ತುಂಡುಗಳನ್ನ ಇಲ್ಲಿ ಹಾಕಲ್ಲ, ಸ್ಪಾಯ್ಲರ್ ಆಗತ್ತೆ, ನೀವೇ ಒತ್ತಿ ನೋಡಿ. ಆದ್ರೆ ಒಂದು ಮಜಾ ಏನಂದ್ರೆ ಉಳಿದ ತುಂಡು ಏನೇ ಇರ್ಲಿ ಒಟ್ಟು ಭಾಜಕಗಳ ಲೆಕ್ಕ 16ರ ಗುಣಕನೇ ಆಗಿರ್ಬೇಕು, ಯಾಕಂದ್ರೆ ಒಂದೊಂದೇ ಸಲ ಬರೋ ಒಂದೊಂದು ಅವಿಭಾಜ್ಯವೂ ಭಾಜಕಗಳ ಲೆಕ್ಕನ ಡಬಲ್ ಮಾಡತ್ತೆ.

ಈಗ ಈ ಕ್ಯಾಲ್ಕುಲೇಟರ್‌ನ ನಿಜವಾದ ಹೈಲೈಟ್‌ಗೆ ಬರ್ತೀನಿ. ಎಲ್ರೂ ಅಪವರ್ತನ ನೋಡಿ ಟ್ಯಾಬ್ ಕ್ಲೋಸ್ ಮಾಡ್ತಾರೆ, ನನ್ ಪ್ರಕಾರ ನೋಡ್ಬೇಕಾಗಿರೋದು ಕೆಳಗಡೆ ಇರೋ ವರ್ಗಗಳ ಸಾಲು. ಯಾವ ಪೂರ್ಣಸಂಖ್ಯೆನಾದ್ರೂ ನಾಲ್ಕು ವರ್ಗಗಳ ಮೊತ್ತವಾಗಿ ಬರೀಬಹುದು ಅಂತ ಲಗ್ರಾಂಜ್ 1770ರಲ್ಲೇ ಸಾಧಿಸಿದ್ರು. ಕೆಲವಕ್ಕೆ ಮೂರು ಸಾಕು, ಕೆಲವಕ್ಕೆ ಎರಡು. ನಮ್ಮ 26 ಅಂಕೆಗೆ ಎರಡು ಸಾಕಾಗಲ್ಲ ಅಂತ ಬಟನ್ ಒತ್ತದೇನೇ ಹೇಳಬಹುದು. ಯಾವ ವರ್ಗವನ್ನಾದ್ರೂ 3ರಿಂದ ಭಾಗಿಸಿ, ಶೇಷ 0 ಇಲ್ಲ 1, ಎರಡು ಬರಲ್ಲ. ಎರಡು ವರ್ಗ ಕೂಡಿದಾಗ 3ರಿಂದ ಹೋಗ್ಬೇಕು ಅಂದ್ರೆ ಎರಡೂ 3ರಿಂದ ಹೋಗ್ಬೇಕು, ಹಾಗಾದ್ರೆ ಮೊತ್ತ 9ರಿಂದಾನೂ ಹೋಗ್ಬೇಕು. ನಮ್ಮದು 3ರಿಂದ ಹೋಗತ್ತೆ 9ರಿಂದ ಹೋಗಲ್ಲ. ಮುಗೀತು ಕಥೆ. ಮೂರು ಸಾಕಾಗತ್ತಾ ಅಂದ್ರೆ ಸಾಕಾಗತ್ತೆ, ಲೆಜಾಂಡ್ರ್ 1798ರಲ್ಲಿ ಕೊಟ್ಟ ನಿಯಮದ ಪ್ರಕಾರ 8ರಿಂದ ಭಾಗಿಸಿದಾಗ ಶೇಷ 7 ಬರೋವು, ಅಂಥವನ್ನ 4, 16, 64 ಹೀಗೆ 4ರ ಘಾತದಿಂದ ಗುಣಿಸಿದವು, ಇವಕ್ಕೆ ಮಾತ್ರ ನಾಲ್ಕು ಬೇಕು, ನಮ್ಮದಕ್ಕೆ ಶೇಷ 2. ಆದ್ರೆ ಆ ಮೂರು ವರ್ಗ ಯಾವ್ಯಾವ್ದು ಅಂತ ಪೆನ್ನಲ್ಲಿ ಹುಡುಕೋಕೆ ಹೋದ್ರೆ ಜನ್ಮ ಸಾಲದು, ಅದನ್ನ ಕ್ಯಾಲ್ಕುಲೇಟರ್ ಕಣ್ಮುಚ್ಚಿ ಬಿಡೋದ್ರೊಳಗೆ ಕೊಡತ್ತೆ. ಇನ್ನೊಂದು, ಎರಡು ವರ್ಗಗಳ ವ್ಯತ್ಯಾಸವಾಗಿ ಈ ಸಂಖ್ಯೆನ ಬರೆಯೋಕೇ ಆಗಲ್ಲ, 4ರಿಂದ ಭಾಗಿಸಿದ್ರೆ ಶೇಷ 2 ಬರೋ ಯಾವ್ದಕ್ಕೂ ಆ ಭಾಗ್ಯ ಇಲ್ಲ.

ಎರಡನೇ ಟೆಸ್ಟಿಗೆ ನಮ್ಮ ಕಲಬುರಗಿ ಕಡೆಯೋರನ್ನ ಕರ್ಕೊಂಡ್ ಬಂದೆ. ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು ಕ್ರಿ.ಶ. 850ರಲ್ಲಿ, ಮಹಾವೀರಾಚಾರ್ಯರು ಬರೆದ ಗಣಿತಸಾರಸಂಗ್ರಹ ಗೊತ್ತಲ್ವಾ. ಮಾನ್ಯಖೇಟ ಅಂದ್ರೆ ಈಗಿನ ಮಳಖೇಡ ರಾಜಧಾನಿ ಆಗಿದ್ದ ಕಾಲ. ಅದ್ರಲ್ಲಿ ಗುಣಾಕಾರದ ಲೆಕ್ಕ ಕೊಡುವಾಗ ಅವರು ಸುಮ್ನೆ ಯಾವ್ದೋ ಸಂಖ್ಯೆ ಕೊಡಲ್ಲ, ಉತ್ತರ ಹಾರದ ತರ ಎರಡೂ ಕಡೆಯಿಂದ ಒಂದೇ ಥರ ಓದೋ ಹಾಗೆ ಬರ್ಬೇಕು, ಅಂಥವನ್ನೇ ಆರಿಸಿ ಆರಿಸಿ ಕೊಟ್ಟಿದ್ದಾರೆ. 139 × 109 = 15151. 152207 × 73 = 11111111. 12345679 × 9 = 111111111. 14287143 × 7 = 100010001. 142857143 × 7 = 1000000001. 333333666667 × 33 = 11000011000011. 27994681 × 441 = 12345654321. ಸಾವಿರದ ನೂರಾ ಎಪ್ಪತ್ತು ವರ್ಷದ ಹಿಂದೆ ಇದನ್ನೆಲ್ಲ ಯಾವ ಸ್ಕ್ರೀನ್ ಮುಂದೆ ಕೂತ್ಕೊಂಡು ಹುಡುಕಿದ್ರೋ ಮಾರಾಯ್ರೆ.

ಇವುಗಳನ್ನ ಒಂದೊಂದಾಗಿ ಕ್ಯಾಲ್ಕುಲೇಟರ್‌ಗೆ ಹಾಕ್ತಾ ಹೋದ್ರೆ ಅವರ ಕೈಚಳಕ ಕಾಣತ್ತೆ. 27994681 ಹಾಕಿ: 11² × 13² × 37². ಅಂದ್ರೆ 5291ರ ವರ್ಗ. 441 ಏನು, 3² × 7², ಅಂದ್ರೆ 21ರ ವರ್ಗ. ಎರಡೂ ಸೇರಿದ್ರೆ 3, 7, 11, 13, 37, ಐದೂ ಗುಣಿಸಿದ್ರೆ 111111, ಅದರ ವರ್ಗ 12345654321. ಆರು ಒಂದುಗಳನ್ನ ಐದು ಅವಿಭಾಜ್ಯಗಳಾಗಿ ಒಡೆದು, ಮೂರನ್ನ ಒಂದು ಕಡೆ ಎರಡನ್ನ ಇನ್ನೊಂದು ಕಡೆ ಇಟ್ಟು, ಮಕ್ಕಳಿಗೆ ಲೆಕ್ಕ ಕೊಟ್ಟಿದ್ದಾರೆ ಅನ್ಸತ್ತೆ, ಇದು ನನ್ನ ಊಹೆ ಅಷ್ಟೇ, ಆದ್ರೆ ಬೇರೆ ದಾರೀಲಿ 27994681 ಅನ್ನೋ ಸಂಖ್ಯೆ ಯಾರ ಕೈಗಾದ್ರೂ ತಾನಾಗೇ ಬಂದು ಬೀಳತ್ತಾ ಹೇಳಿ. 152207 ಹಾಕಿದ್ರೆ 11 × 101 × 137. ಭಾಜಕ 8, ಅವುಗಳ ಮೊತ್ತ 168912, ಯೂಲರ್ ಫೈ ರೌಂಡಾಗಿ 136000, ಮೋಬಿಯಸ್ −1, ಬೇರೆಬೇರೆ ಮೂರು ಅವಿಭಾಜ್ಯ ಇರೋದಕ್ಕೆ ಮೈನಸ್. 27994681ಕ್ಕೆ ಮೋಬಿಯಸ್ 0, ವರ್ಗ ಒಳಗೆ ಕೂತಿರೋದಕ್ಕೆ. 12345679 ಅಂದ್ರೆ 37 × 333667, ಆ 333667 ಆಮೇಲೆ 333333666667ರಲ್ಲೂ ತಲೆ ತೂರಿಸತ್ತೆ, ಅದು 19 × 52579 × 333667. ಆ 52579 ಮತ್ತೆ 142857143ರಲ್ಲಿ ಸಿಗತ್ತೆ, 11 × 13 × 19 × 52579. ಒಂದೇ ಮನೆತನದೋರು ಎಲ್ಲಾ.

ಈಗ ವರ್ಗಗಳ ಸಾಲು ನೋಡಿ. 152207ಕ್ಕೆ ನಾಲ್ಕು ವರ್ಗ. 12345679ಕ್ಕೆ ನಾಲ್ಕು. 15151ಕ್ಕೆ ನಾಲ್ಕು. 14287143ಕ್ಕೆ, 142857143ಕ್ಕೆ, 11111111ಕ್ಕೆ, ಎಲ್ಲಕ್ಕೂ ನಾಲ್ಕೇ! ಆಮೇಲೆ ಹೊಳೆಯತ್ತೆ, ಸಾವಿರ 8ರಿಂದ ಸರಿಯಾಗಿ ಹೋಗೋದ್ರಿಂದ 8ರ ಶೇಷ ನೋಡೋಕೆ ಕೊನೇ ಮೂರಂಕೆ ಸಾಕು, 111ನ್ನ 8ರಿಂದ ಭಾಗಿಸಿದ್ರೆ ಶೇಷ 7. ಸೋ ಬರೀ ಒಂದುಗಳಿಂದಾದ ಯಾವ ಸಂಖ್ಯೆನೇ ತಗೊಳ್ಳಿ, ಮೂರಂಕೆ ಮೇಲಿದ್ರೆ ನಾಲ್ಕು ವರ್ಗ ಬೇಕೇ ಬೇಕು, ನೂರು ಒಂದು ಬರೆದ್ರೂ ಅಷ್ಟೇ ಸಾವಿರ ಒಂದು ಬರೆದ್ರೂ ಅಷ್ಟೇ. ಇನ್ನು 207, 679, 151, 143 ಕೊನೇಲಿರೋ ಸಂಖ್ಯೆಗಳಿಗೂ ಶೇಷ 7. 333333666667 ಒಂದು ತಪ್ಪಿಸ್ಕೊಳ್ಳತ್ತೆ, ಶೇಷ 3, ಮೂರು ವರ್ಗದಲ್ಲಿ ಕೆಲಸ ಆಗತ್ತೆ. ಕ್ಯಾಲ್ಕುಲೇಟರ್ ಇದ್ಯಾವ್ದನ್ನೂ ಬಾಯಿಬಿಟ್ಟು ಹೇಳಲ್ಲ, ನಾಲ್ಕು ಸಂಖ್ಯೆ ಮುಂದಿಟ್ಟು ಸುಮ್ನಾಗತ್ತೆ. ಯಾಕೆ ನಾಲ್ಕು ಅನ್ನೋದು ನಮ್ಮ ತಲೆನೋವು. ಹೈಸ್ಕೂಲ್ ಮಕ್ಕಳಿಗೆ ಪಾಠ ಹೇಳೋರು ಇದನ್ನ ನೇರ ಕ್ಲಾಸಿಗೆ ತಗೊಂಡ್ ಹೋಗ್ಬಹುದು, ಹತ್ತನೇ ಕ್ಲಾಸಲ್ಲಿ ಅಂಕಗಣಿತದ ಮೂಲಭೂತ ಪ್ರಮೇಯ ಅಂತ ಒಂದು ಪುಟ ಓದಿಸಿ 140 = 2² × 5 × 7 ಮಾಡಿಸಿ ಮುಗಿಸೋ ಬದಲು ಈ ಹಾರಗಳನ್ನ ಕೊಟ್ರೆ ಹುಡುಗರು ಬಿಡಲ್ಲ.

ಇನ್ನೊಂದು ಮಜಾ. 12345678987654321 ಹಾಕಿ, ಪಟಪಟ ಒಡೆದು ಹೋಗತ್ತೆ, 3⁴ × 37² × 333667², ಯಾಕಂದ್ರೆ ಅದು 111111111ರ ವರ್ಗ. ಈಗ ಮಧ್ಯದಲ್ಲಿ 10 ತುರುಕಿ 12345678910987654321 ಅಂತ ಮಾಡಿ. ಒಡೆಯೋದೇ ಇಲ್ಲ! ಅವಿಭಾಜ್ಯ. 4ರಿಂದ ಭಾಗಿಸಿದ್ರೆ ಶೇಷ 1 ಇರೋದ್ರಿಂದ ಎರಡೇ ವರ್ಗಗಳ ಮೊತ್ತವಾಗಿ, ಅದೂ ಒಂದೇ ಒಂದು ರೀತೀಲಿ ಬರೀಬಹುದು. ಮನೇಲಿ ಎಲ್ರನ್ನೂ ಕರೆದು ತೋರಿಸ್ದೆ, ಯಾರೂ ತಲೆ ಎತ್ತಿ ನೋಡ್ಲಿಲ್ಲ, ಅದು ಬೇರೆ ವಿಷ್ಯ. 19 ಒಂದುಗಳು ಅಂದ್ರೆ (10^19 − 1)/9 ಕೊಟ್ರೂ ಅವಿಭಾಜ್ಯ ಅನ್ನತ್ತೆ, 23 ಒಂದುಗಳಿಗೂ ಅದೇ ಉತ್ತರ.

ಸ್ಪೀಡ್ ವಿಚಾರ. ಒಳಗಡೆ ಎರಡು ಮೆಥಡ್ ಓಡತ್ತೆ. ಒಂದು ಲೆನ್ಸ್ಟ್ರಾ ಅವರ ಎಲಿಪ್ಟಿಕ್ ಕರ್ವ್ ಮೆಥಡ್, ಇನ್ನೊಂದು ಕ್ವಾಡ್ರಾಟಿಕ್ ಸೀವ್‌ನ ಸುಧಾರಿಸಿದ ರೂಪ. ಮೊದಲನೇದಕ್ಕೆ ಹಿಡಿಯಬೇಕಾದ ಅಪವರ್ತನ ಎಷ್ಟು ಚಿಕ್ಕದು ಅನ್ನೋದು ಮುಖ್ಯ, ಇಡೀ ಸಂಖ್ಯೆ ಉದ್ದ ಇದ್ರೂ ಅಷ್ಟು ತಲೆಕೆಡಿಸ್ಕೊಳ್ಳಲ್ಲ. ಎರಡನೇದು ಉಲ್ಟಾ, ಅಪವರ್ತನ ಯಾವ ಸೈಜಾದ್ರೂ ಇರ್ಲಿ, ಇಡೀ ಸಂಖ್ಯೆ ಎಷ್ಟು ಉದ್ದ ಅನ್ನೋದರ ಮೇಲೆ ಟೈಮ್. ಅದಕ್ಕೇ ಮೊದ್ಲು ಕರ್ವ್ ಓಡಿಸಿ ಸಿಗದಿದ್ರೆ ಸೀವ್‌ಗೆ ಹೋಗತ್ತೆ, ಸ್ಕ್ರೀನ್ ಮೇಲೆ ಯಾವ ಹಂತದಲ್ಲಿದೆ ಅಂತ ಬರ್ತಾ ಇರತ್ತೆ. ಲೆಕ್ಕ ನಡೆಯೋದು ಅವರ ಸರ್ವರಲ್ಲಲ್ಲ, ನಿಮ್ಮದೇ ಬ್ರೌಸರಲ್ಲಿ, ಅಂದ್ರೆ ಪೇಜ್ ಒಂದ್ಸಲ ಲೋಡ್ ಆದ್ಮೇಲೆ ಲೆಕ್ಕಕ್ಕೆ ನೆಟ್ ಬೇಕಿಲ್ಲ, ಆದ್ರೆ ಬೆವರು ಹರಿಸೋದು ನಿಮ್ಮ ಮಷೀನೇ. ಎರಡು ದೊಡ್ಡ ಅವಿಭಾಜ್ಯಗಳ ಗುಣಲಬ್ಧ ಕೊಟ್ರೆ ಫೋನು ಬಿಸಿಯಾಗೋದು ಸಹಜ, ಅಂಥದ್ದಕ್ಕೆ ಲ್ಯಾಪ್‌ಟಾಪ್ ಚಾರ್ಜರ್‌ಗೆ ಹಾಕಿ ಕೂರಿ. ಬ್ಯಾಂಕಿನ ಕೀ ಒಡೀತೀನಿ ಅಂತೆಲ್ಲ ಕನಸು ಕಾಣ್ಬೇಡಿ. ಆರ್‌ಎಸ್‌ಎ ಅನ್ನೋ ಬೀಗದ ಬಲವೇ ಎರಡು ದೊಡ್ಡ ಅವಿಭಾಜ್ಯಗಳ ಗುಣಲಬ್ಧನ ಒಡೆಯೋದು ಕಷ್ಟ ಅನ್ನೋದು. 2048 ಬಿಟ್ ಆರ್‌ಎಸ್‌ಎ ಅಂದ್ರೆ 617 ಅಂಕೆ. 250 ಅಂಕೆಯ ಆರ್‌ಎಸ್‌ಎ-250ನ್ನ 2020ರಲ್ಲಿ ಒಡೆಯೋಕೇ ಸುಮಾರು 2700 ಕೋರ್-ವರ್ಷದ (ಅಂದ್ರೆ ಒಂದೇ ಪ್ರೊಸೆಸರ್ ಕೋರ್ ಓಡಿಸಿದ್ರೆ 2700 ವರ್ಷದ) ಕಂಪ್ಯೂಟಿಂಗ್ ಬೇಕಾಯ್ತು.

ಹಾಗಂತ ಉದ್ದ ಇದ್ದದ್ದೆಲ್ಲ ಕಷ್ಟ ಅಂತಾನೂ ಅಲ್ಲ, ಇದಕ್ಕೂ ಶಕುಂತಲಾ ದೇವಿನೇ ಸಾಕ್ಷಿ. 1977ರಲ್ಲಿ ಅಮೆರಿಕದ ಸದರ್ನ್ ಮೆಥಡಿಸ್ಟ್ ಯೂನಿವರ್ಸಿಟೀಲಿ 201 ಅಂಕೆಯ ಸಂಖ್ಯೆಯ 23ನೇ ಮೂಲ ಕೇಳಿದ್ರು, ಅವರು 50 ಸೆಕೆಂಡಲ್ಲಿ ಹೇಳಿದ್ದು 546372891. ಈ ಉತ್ತರನ ಸರಿಯಾಗಿ ನೋಡಿ, 1ರಿಂದ 9ರ ತನಕ ಎಲ್ಲಾ ಅಂಕೆ ಒಂದೊಂದೇ ಸಲ ಇದೆ! ಅಂಕೆಗಳ ಮೊತ್ತ 45, ಹಾಗಾಗಿ 9ರಿಂದ ಹೋಗ್ಲೇಬೇಕು, ನೋಡಿದ್ರೆ 27ರಿಂದಾನೂ ಹೋಗತ್ತೆ, 546372891 = 27 × 20236033. ಅಂದ್ಮೇಲೆ ಆ 201 ಅಂಕೆ ಸಂಖ್ಯೆ ಒಳಗೆ 3 ಅರವತ್ತೊಂಬತ್ತು ಸಲ ಇದೆ. ಈ ಸಂಖ್ಯೆ ಕೊಟ್ರೆ ಕ್ಯಾಲ್ಕುಲೇಟರ್ ಒದ್ದಾಡಲ್ಲ, ಚಿಕ್ಕ ಅಪವರ್ತನನ ಹೊರಗೆ ತೆಗೀತು, ಉಳಿದದ್ದು ಯಾವ್ದಾದ್ರೂ ಪೂರ್ಣ ಘಾತನಾ ನೋಡ್ತು, ಮುಗೀತು. ಅದೇ ಉದ್ದದ ಒಂದು ಆರ್‌ಎಸ್‌ಎ ಥರದ ಸಂಖ್ಯೆ ಕೊಟ್ರೆ ನಿಮ್ಮ ಮೊಮ್ಮಕ್ಕಳೂ ಕಾಯ್ಬೇಕು.

ಹಳೇ ಕಾಲದ ಜೊತೆ ಹೋಲಿಸಿದ್ರೆ ಹೊಟ್ಟೆ ಉರಿಯತ್ತೆ. 2^67 − 1 ಅವಿಭಾಜ್ಯ ಅಲ್ಲ ಅಂತ ಲೂಕಾಸ್ 1876ರಲ್ಲಿ ತೋರಿಸಿದ್ರು, ಅಪವರ್ತನ ಏನು ಅಂತ ಮಾತ್ರ ಗೊತ್ತಿರ್ಲಿಲ್ಲ. 1903ರ ಅಕ್ಟೋಬರ್‌ನಲ್ಲಿ ಫ್ರಾಂಕ್ ನೆಲ್ಸನ್ ಕೋಲ್ ಅಮೆರಿಕನ್ ಮ್ಯಾಥಮ್ಯಾಟಿಕಲ್ ಸೊಸೈಟಿ ಸಭೇಲಿ ಬೋರ್ಡ್ ಮೇಲೆ ಬರೆದ್ರು, 193707721 × 761838257287. ಈ ಕ್ಯಾಲ್ಕುಲೇಟರಲ್ಲಿ ಆ ಎಕ್ಸ್‌ಪ್ರೆಶನ್ ಟೈಪ್ ಮಾಡೋಕೆ ಹಿಡಿಯೋ ಟೈಮೇ ಜಾಸ್ತಿ.

ಈಗ ಅರ್ಧ ಸ್ಟಾರ್ ಯಾಕೆ ಹೋಯ್ತು ಅಂತ. ಒಂದು, ಪೇಜ್ ನೋಡೋಕೆ ತುಂಬಾ ಸಪ್ಪೆ, ಅದಕ್ಕೆ ನಾನೇನೂ ಬೇಜಾರ್ ಮಾಡ್ಕೊಳ್ಳಲ್ಲ, ಆದ್ರೆ ಮಕ್ಕಳಿಗೆ ತೋರಿಸಿದ್ರೆ ಮೂತಿ ತಿರುಗಿಸ್ತಾರೆ. ಎರಡು, ಇಂಗ್ಲಿಷ್ ಇದೆ, ಸ್ಪ್ಯಾನಿಷ್ ಇದೆ, ಕನ್ನಡ ಇಲ್ಲ. ಇರೋದೇ ಹತ್ತಿಪ್ಪತ್ತು ಪದ, ಸೋರ್ಸ್ ಓಪನ್ ಇದೆ, ಯಾರಾದ್ರೂ ಮನಸ್ಸು ಮಾಡಿದ್ರೆ ಆಗೋ ಕೆಲ್ಸ. ಮೂರು, ಅಂಕೆಗಳನ್ನ ಗುಂಪು ಮಾಡಿ ತೋರಿಸೋದು ಒಂದೇ ಅಳತೆಯ ಗುಂಪಾಗಿ, ಸೆಟ್ಟಿಂಗಲ್ಲಿ ಗುಂಪಿನ ಸೈಜ್ ಬದಲಾಯಿಸ್ಬಹುದು ನಿಜ, ಆದ್ರೆ ನಮ್ಮ ಸಾವಿರ, ಲಕ್ಷ, ಕೋಟಿ ಥರ ಮೊದಲು ಮೂರು ಆಮೇಲೆ ಎರಡೆರಡು ಬರಲ್ಲ. ಮಹಾವೀರಾಚಾರ್ಯರು 24 ಸ್ಥಾನಕ್ಕೆ ಹೆಸರಿಟ್ಟು ಕೊನೇದಕ್ಕೆ ಮಹಾಕ್ಷೋಭ ಅಂದಿದ್ರು, ಶಕುಂತಲಾ ದೇವಿ ಸಂಖ್ಯೆ ಅದನ್ನೂ ಎರಡು ಸ್ಥಾನ ದಾಟತ್ತೆ, ಅಂಥ ನಾಡಿನೋರಿಗೆ ಒಂದು ಕೋಟಿ ಕಾಮಾ ಕೊಟ್ರೆ ಏನು ಗಂಟು ಹೋಗತ್ತೆ.

ನಾಲ್ಕನೇದು ಸ್ವಲ್ಪ ಗಂಭೀರ. ಈ ಪೇಜು ತಾನು ಕೊಡೋ ಲಿಸ್ಟನ್ನ ಕೊಡತ್ತೆ, ಆ ಲಿಸ್ಟಲ್ಲಿ ಇಲ್ಲದ್ದು ಕೇಳ್ಬೇಕು ಅಂದ್ರೆ ಅಷ್ಟು ಸುಲಭ ಅಲ್ಲ. ಉದಾಹರಣೆಗೆ ಮಹಾವೀರರ ಹಾರದಲ್ಲಿ 73, 137 ಯಾಕೆ ಜೊತೆಯಾಗಿ ಬರತ್ತೆ ಅಂತ ನಂಗೆ ಕುತೂಹಲ. 1/73ನ್ನ ದಶಮಾಂಶದಲ್ಲಿ ಬರೆದ್ರೆ 0.01369863 ಅಂತ ಎಂಟು ಅಂಕೆ ಮತ್ತೆ ಮತ್ತೆ ಬರತ್ತೆ, 1/137ಕ್ಕೂ 0.00729927, ಎಂಟೇ ಅಂಕೆ. ಅದಕ್ಕೇ ಎರಡೂ ಎಂಟು ಒಂದುಗಳ ಸಂಖ್ಯೆನ ಭಾಗಿಸತ್ತೆ. 37ಕ್ಕೆ ಆ ಸುತ್ತು 3, 333667ಕ್ಕೆ 9, 9901ಕ್ಕೆ 12, 52579ಕ್ಕೆ 18. ಈ ಸುತ್ತಿನ ಉದ್ದನ ಆರ್ಡರ್ ಅಂತಾರೆ, ಅದು ಆ ಪೇಜಿನ ಲಿಸ್ಟಲ್ಲಿಲ್ಲ. ಇಂಥದ್ದಕ್ಕೆ ನಾನು ಪಾರಿ ಜಿಪಿ ಅನ್ನೋ ಪ್ರೋಗ್ರಾಂಗೆ ಹೋಗ್ತೀನಿ. ಫ್ರಾನ್ಸಿನ ಬೋರ್ಡೋ ಯೂನಿವರ್ಸಿಟೀಲಿ ಆನ್ರಿ ಕೊಹೆನ್ ಮತ್ತೆ ಅವರ ತಂಡ ಎಂಬತ್ತರ ದಶಕದಲ್ಲಿ ಶುರು ಮಾಡಿದ್ದು, ಇದೂ ಫ್ರೀ, ಉಬುಂಟು ಇದ್ರೆ ಒಂದೇ ಕಮಾಂಡಲ್ಲಿ ಇನ್‌ಸ್ಟಾಲ್. ಕಪ್ಪು ಸ್ಕ್ರೀನು, ಕರ್ಸರ್ ಮಿನುಗ್ತಾ ಇರತ್ತೆ, ಬಟನ್ ಗಿಟನ್ ಏನೂ ಇಲ್ಲ, ಏನು ಬೇಕೋ ನೀವೇ ಟೈಪ್ ಮಾಡಿ ಕೇಳ್ಬೇಕು, ಗೊತ್ತಿಲ್ಲದಿದ್ರೆ ಪ್ರಶ್ನಾರ್ಥಕ ಚಿಹ್ನೆ ಹೊಡೆದ್ರೆ ಹೆಲ್ಪ್ ಬರತ್ತೆ. ಮೊದಮೊದಲು ಸಿಟ್ಟು ಬರತ್ತೆ. ಆಮೇಲೆ ಒಂದು ಸಾಲಲ್ಲಿ ಲೂಪ್ ಬರೆದು 200ರ ಒಳಗೆ ಎಷ್ಟೆಷ್ಟು ಒಂದುಗಳ ಸಂಖ್ಯೆ ಅವಿಭಾಜ್ಯ ಅಂತ ಕೇಳಿದ್ರೆ 2, 19, 23 ಅಂತ ಮೂರೇ ಉತ್ತರ ಕೊಟ್ಟು ಸುಮ್ನಾದಾಗ ಸಿಟ್ಟು ಇಳಿಯತ್ತೆ.

ಪಾರೀಲಿ ಒಂದು ಸೂಕ್ಷ್ಮ ಇದೆ, ಹೊಸಬರಿಗೆ ಹೇಳ್ಬಿಡ್ತೀನಿ. ಫ್ಯಾಕ್ಟರ್ ಕಮಾಂಡ್ ಕೊಟ್ಟಾಗ ಬರೋ ದೊಡ್ಡ ಅವಿಭಾಜ್ಯಗಳು, 2^64ಕ್ಕಿಂತ ದೊಡ್ಡವಾಗಿದ್ರೆ, ಮಾಮೂಲಿ ಸೆಟ್ಟಿಂಗಲ್ಲಿ ಸಾಧಿಸಿದ ಅವಿಭಾಜ್ಯ ಅಲ್ಲ, ಒಂದು ಗಟ್ಟಿ ಪರೀಕ್ಷೆ ಪಾಸಾದವು ಅಷ್ಟೇ. ಆ ಪರೀಕ್ಷೆಗೆ ಮೋಸ ಮಾಡೋ ಸಂಯುಕ್ತ ಸಂಖ್ಯೆ ಇವತ್ತಿನ ತನಕ ಒಂದೂ ಸಿಕ್ಕಿಲ್ಲ ಅನ್ನೋದು ನಿಜ, ಆದ್ರೂ ಪಕ್ಕಾ ಸಾಧನೆ ಬೇಕು ಅಂದ್ರೆ ಈಸ್‌ಪ್ರೈಮ್ ಅನ್ನೋ ಬೇರೆ ಕಮಾಂಡ್ ಕೇಳ್ಬೇಕು. ಮಾಮೂಲಿ ಬಳಕೆಗೆ ಇದ್ಯಾವ್ದೂ ಅಡ್ಡ ಬರಲ್ಲ.

ಯಾವುದು ತಗೋಬೇಕು ಅಂತ ಕೇಳಿದ್ರೆ, ಸಂಖ್ಯೆ ಒಂದು ಕೈಗೆ ಸಿಕ್ತು, ಅದರ ಒಳಗೇನಿದೆ ನೋಡ್ಬೇಕು ಅನ್ನೋರಿಗೆ ಆಲ್ಪರ್ನ್ ಪೇಜೇ ಸರಿ, ಫೋನಲ್ಲೂ ಓಡತ್ತೆ, ಕಲಿಯೋದು ಏನೂ ಇಲ್ಲ. ಒಂದು ಸಂಖ್ಯೆಯಿಂದ ಹತ್ತು ಪ್ರಶ್ನೆ ಹುಟ್ಟೋರಿಗೆ ಪಾರಿ. ನಾನು ಎರಡೂ ಇಟ್ಕೊಂಡಿದೀನಿ, ಆದ್ರೆ ದಿನಾ ತೆಗೆಯೋದು ಮೊದಲನೇದೇ.

ಕೊನೇದಾಗಿ ಒಂದು ಟಿಪ್. ಆ 201 ಅಂಕೆ ಸಂಖ್ಯೆನ ಟ್ರೈ ಮಾಡೋರು ಎಲ್ಲೆಲ್ಲಿಂದಲೋ ಕಾಪಿ ಹೊಡೀಬೇಡಿ, ಫಾರ್ವರ್ಡ್ ಆಗಿ ಆಗಿ ಮಧ್ಯೆ ಒಂದು ಅಂಕೆ ಬಿದ್ದು ಹೋಗಿರೋದು ಇರತ್ತೆ, ಬಿದ್ರೆ ಅದು ಘಾತ ಆಗಿ ಉಳಿಯಲ್ಲ, ನಿಮ್ಮ ಮಷೀನು ಸುಮ್ಸುಮ್ನೆ ಗಂಟೆಗಟ್ಲೆ ತಿರುಗ್ತಾ ಇರತ್ತೆ. 546372891^23 ಅಂತ ಬಾಕ್ಸಲ್ಲಿ ಟೈಪ್ ಮಾಡಿ ಸಾಕು. ಕಾಪಿನೇ ಮಾಡ್ತೀನಿ ಅನ್ನೋರು ಅಂಕೆಗಳನ್ನೆಲ್ಲ ಕೂಡಿ ನೋಡಿ, 9ರಿಂದ ಹೋಗ್ಲಿಲ್ಲ ಅಂದ್ರೆ ಆ ಕಾಪಿ ಬಿಸಾಕಿ. ಬಿದ್ದಿರೋದು 0 ಅಥವಾ 9 ಆಗಿದ್ರೆ ಮಾತ್ರ ಈ ಉಪಾಯಕ್ಕೆ ಸಿಗಲ್ಲ, ಅದಕ್ಕೆ 201 ಅಂಕೆ ಇದ್ಯಾ ಅಂತಾನೂ ಎಣಿಸ್ಕೊಳ್ಳಿ.